ಮೇಜಿನ ಮೇಲೆ ಪಳಗುವ ಎಂಜಿನ್

ಹೋರಿಯನ್ನು ಮೊದಲ ದಿನವೇ ಯಾರೂ ತುಂಬಿದ ಗಾಡಿಗೆ ಕಟ್ಟುವುದಿಲ್ಲ. ಹೆಗಲ ಮೇಲೆ ನೊಗ ಇಟ್ಟು ಸುಮ್ಮನೆ ನಡೆಸುತ್ತಾರೆ. ಆಮೇಲೆ ಮರದ ತುಂಡೊಂದನ್ನು ಎಳೆಸುತ್ತಾರೆ. ಪಕ್ಕದಲ್ಲಿ ಪಳಗಿದ ಎತ್ತನ್ನು ಕಟ್ಟಿ ಖಾಲಿ ಗಾಡಿ ಹೂಡುವುದು ಅದರ ನಂತರದ ಮಾತು. ಹೊಸ ಎಂಜಿನ್ನಿಗೂ ಲೋಕ ಮಾಡಿದ್ದು ಇದನ್ನೇ. ಅಮೆರಿಕದವರು ಕುದುರೆ ಪಳಗಿಸುವ ಮಾತನ್ನೇ ಎತ್ತಿಕೊಂಡು ಬ್ರೇಕ್ ಇನ್ ಅಂದರು. ಬ್ರಿಟನ್ನಿನವರು ರನ್ನಿಂಗ್ ಇನ್ ಅಂದರು. ನಮ್ಮ ಗ್ಯಾರೇಜುಗಳಿಗೆ ಬಂದಿದ್ದು ಈ ಎರಡನೆಯ ಮಾತು. ರೀಬೋರ್ ಆದ ಬೈಕನ್ನು ಕೈಗೆ ಕೊಡುವಾಗ ಮೆಕ್ಯಾನಿಕ್ ಹೇಳುವ 'ಅಣ್ಣಾ, ಸ್ವಲ್ಪ ದಿನ ಎಳೀಬೇಡಿ' ಅನ್ನುವ ಮಾತಿನ ಹಿಂದೆ ನೂರು ವರ್ಷಕ್ಕೂ ಹೆಚ್ಚಿನ ಕಥೆ ಇದೆ.

ಆ ಕಥೆಯನ್ನು ನಾವು ಇಲ್ಲಿ ಒಂದು ಆಟದ ಸಾಮಾನಿನ ಕಡೆಯಿಂದ ಹೇಳಲು ಹೊರಟಿದ್ದೇವೆ. ರೇಡಿಯೊ ನಿಯಂತ್ರಿತ ಕಾರು. ಬ್ಯಾಟರಿಯದ್ದಲ್ಲ, ಒಳಗೆ ನಿಜವಾದ ಎಂಜಿನ್ ಇರುವ ಕಾರು. ಸ್ಪರ್ಧೆಗೆ ಬಳಸುವ 1/8 ಪ್ರಮಾಣದ ಕಾರಿನ ಎಂಜಿನ್ 3.5 ಸಿಸಿ. ಅಂಗೈಯಲ್ಲಿ ಹಿಡಿಯಬಹುದು. ಆದರೆ ನಿಮಿಷಕ್ಕೆ 30,000ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ನಮ್ಮ ಬೈಕುಗಳು 10,000 ಮುಟ್ಟುವಷ್ಟರಲ್ಲಿ ಕಿರುಚುತ್ತವೆ. ಇಂಥ ಎಂಜಿನ್ನನ್ನು ಡಬ್ಬಿಯಿಂದ ತೆಗೆದವರು ನೇರ ಕಾರಿಗೆ ಕೂರಿಸುವುದಿಲ್ಲ. ಮೊದಲು ಮೇಜಿಗೆ ಬೋಲ್ಟು ಮಾಡಿದ ಸ್ಟ್ಯಾಂಡಿಗೆ ಕಟ್ಟಿ, ಟ್ಯಾಂಕಿನ ಮೇಲೆ ಟ್ಯಾಂಕ್ ಇಂಧನ ಸುಟ್ಟು, ಗಂಟೆಗಟ್ಟಲೆ ಹೊಗೆ ಕುಡಿದು, ಆಮೇಲೆ ಕಾರಿಗೆ ಹಾಕುತ್ತಾರೆ. ಆಟದ ಸಾಮಾನಿಗೆ ಇಷ್ಟೆಲ್ಲ ಯಾಕೆ ಅನ್ನುವುದು ಮೊದಲ ಪ್ರಶ್ನೆ. ಕಾಸು ಕೊಟ್ಟು ಕೊಂಡ ಮೇಲೂ ಕಾರ್ಖಾನೆಯ ಕೊನೆಯ ಕೆಲಸವನ್ನು ಕೊಂಡವನೇ ಯಾಕೆ ಮಾಡಬೇಕು ಅನ್ನುವುದು ಎರಡನೆಯದು. ನಮಗೆ ಎರಡನೆಯದರಲ್ಲೇ ಹೆಚ್ಚು ಆಸಕ್ತಿ.

ಎಂಜಿನ್ನನ್ನು ಕಟ್ಟಿಹಾಕಿ ಓಡಿಸುವುದು ಎಂಜಿನ್ನಿನಷ್ಟೇ ಹಳೆಯದು. ಕಟ್ಟಿಹಾಕಿದ ಯಂತ್ರದ ಶಕ್ತಿ ಅಳೆಯಲು ಫ್ರಾನ್ಸಿನ ಪ್ರೋನಿ 1821ರಲ್ಲೇ ಒಂದು ಬ್ರೇಕ್ ಕಂಡುಹಿಡಿದಿದ್ದರು. 1877ರಲ್ಲಿ ಇಂಗ್ಲೆಂಡಿನ ವಿಲಿಯಂ ಫ್ರೂಡ್ ನೀರಿನ ತಡೆಯನ್ನೇ ಬಳಸುವ ಡೈನಮೋಮೀಟರ್ ಮಾಡಿದರು. ಆದರೆ ಹೊಸ ಎಂಜಿನ್ ಸ್ಟ್ಯಾಂಡಿನ ಮೇಲೆ ಹೇಗೆ ಸಾಯುತ್ತದೆ ಅನ್ನುವುದಕ್ಕೆ ನಮಗೆ ಸಿಗುವ ಒಳ್ಳೆಯ ಉದಾಹರಣೆ ಡೇಟನ್ ಊರಿನ ಒಂದು ಸೈಕಲ್ ಅಂಗಡಿಯದು.

ರೈಟ್ ಸಹೋದರರ ಹೆಸರು ನಾಲ್ಕನೇ ತರಗತಿಯ ಮಕ್ಕಳಿಗೂ ಗೊತ್ತು. ಅವರ ವಿಮಾನದ ಎಂಜಿನ್ ಮಾಡಿದ್ದು ಅವರ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್. ಲೇತು, ಡ್ರಿಲ್ ಪ್ರೆಸ್, ಕೈ ಉಪಕರಣ, ಇಷ್ಟೇ ಅವರ ಬಂಡವಾಳ. ಆರು ವಾರದಲ್ಲಿ ನಾಲ್ಕು ಸಿಲಿಂಡರಿನ ಎಂಜಿನ್ ನಿಂತಿತು. 1903ರ ಫೆಬ್ರುವರಿಯಲ್ಲಿ ಅದನ್ನು ಅಂಗಡಿಯಲ್ಲೇ ಕಟ್ಟಿ ಚಾಲೂ ಮಾಡಿದರು. ಮರುದಿನವೇ ಪೆಟ್ರೋಲ್ ಬೇರಿಂಗುಗಳ ಮೇಲೆ ತೊಟ್ಟಿಕ್ಕಿ, ಬೇರಿಂಗ್ ಹಿಡಿದುಕೊಂಡು, ಅಲ್ಯೂಮಿನಿಯಂ ಕ್ರ್ಯಾಂಕ್‌ಕೇಸ್ ಒಡೆದುಹೋಯಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಸೀಜ್ ಆಯಿತು. ಹೊಸ ಎರಕ ಬಂದು ಮತ್ತೆ ಓಡಿಸುವಷ್ಟರಲ್ಲಿ ಬೇಸಿಗೆ ಹತ್ತಿರವಾಗಿತ್ತು. ಇದೇ ಸಂಗತಿ ಗಾಳಿಯಲ್ಲಿ ಆಗಿದ್ದರೆ ಡಿಸೆಂಬರ್ 17ರ ಕಥೆ ಬೇರೆಯೇ ಇರುತ್ತಿತ್ತು. ಟೇಲರ್ ಮುದುಕರಾದ ಮೇಲೆ ಕ್ಯಾಲಿಫೋರ್ನಿಯಾದ ಧರ್ಮಾಸ್ಪತ್ರೆಯ ವಾರ್ಡೊಂದರಲ್ಲಿ ಮಲಗಿದ್ದರು. ಸುದ್ದಿ ತಿಳಿದು ವಿಮಾನ ಉದ್ಯಮದವರು ಹಣ ಕೂಡಿಸಿದರು. 1956ರಲ್ಲಿ ತೀರಿಕೊಂಡರು. ನಾಲ್ಕನೇ ತರಗತಿಯ ಪಾಠದಲ್ಲಿ ಅವರಿಲ್ಲ.

ಹೊಸ ಎಂಜಿನ್ನಿಗೆ ಏನು ಕಷ್ಟ? ಕಣ್ಣಿಗೆ ಕನ್ನಡಿಯಂತೆ ಕಾಣುವ ಸಿಲಿಂಡರಿನ ಗೋಡೆ ಭೂತಗನ್ನಡಿಯಲ್ಲಿ ಉತ್ತ ಹೊಲ. ಏರು, ಸಾಲು, ಏರು, ಸಾಲು. ಪಿಸ್ಟನ್ನಿನ ಮೈಯೂ ಹಾಗೆಯೇ. ಎರಡೂ ಮೊದಲ ಸಲ ಉಜ್ಜುವಾಗ ಏರಿಗೆ ಏರು ತಾಗುತ್ತದೆ. ತಾಗಿದ ಜಾಗದಲ್ಲಿ ಬಿಸಿ ಹುಟ್ಟುತ್ತದೆ. ಬಿಸಿ ಅಳತೆ ಮೀರಿದರೆ ಲೋಹಕ್ಕೆ ಲೋಹ ಅಂಟುತ್ತದೆ. ಮೀರದಂತೆ ನೋಡಿಕೊಂಡರೆ ಏರುಗಳ ತುದಿ ಸವೆದು ಸಮವಾಗುತ್ತದೆ, ಸಾಲುಗಳಲ್ಲಿ ಎಣ್ಣೆ ನಿಲ್ಲುತ್ತದೆ. ಸವೆದ ಪುಡಿ ಎಣ್ಣೆಯ ಜೊತೆ ಹೊರಗೆ ಹೋಗಬೇಕು. ಅದಕ್ಕೇ ಹೊಸ ಗಾಡಿಯ ಮೊದಲ ಆಯಿಲ್ ಬದಲಾವಣೆ ಬೇಗ.

ಈ ಕೆಲಸವನ್ನು ಮೊದಮೊದಲು ಕಾರ್ಖಾನೆಗಳೇ ಮಾಡುತ್ತಿದ್ದವು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ದುಬಾರಿ ಕಾರುಗಳ ಎಂಜಿನ್ನುಗಳನ್ನು ಸ್ಟ್ಯಾಂಡಿಗೆ ಕಟ್ಟಿ, ಊರಿಗೆ ಕೊಳವೆಯಲ್ಲಿ ಬರುತ್ತಿದ್ದ ಕಲ್ಲಿದ್ದಲ ಅನಿಲದಿಂದ ಗಂಟೆಗಟ್ಟಲೆ ಓಡಿಸುತ್ತಿದ್ದರು. ಪೆಟ್ರೋಲಿಗಿಂತ ಅದು ಅಗ್ಗ. ಆದರೆ ದಿನಕ್ಕೆ ನೂರಾರು ಕಾರು ಹೊರಬೀಳುವ ಕಾಲ ಬಂದಾಗ ಇದು ನಡೆಯಲಿಲ್ಲ. ಸ್ಟ್ಯಾಂಡ್ ಬೇಕು, ಜಾಗ ಬೇಕು, ಇಂಧನ ಬೇಕು, ಪಕ್ಕದಲ್ಲಿ ಕಿವಿಗೊಟ್ಟು ನಿಲ್ಲುವ ಆಳು ಬೇಕು. ಕಂಪನಿಗಳು ಆ ಖರ್ಚನ್ನು ಸದ್ದಿಲ್ಲದೆ ಕೊಂಡವನ ಹೆಗಲಿಗೆ ದಾಟಿಸಿದವು. ಬ್ರಿಟನ್ನಿನಲ್ಲಿ 1950ರ ದಶಕದಲ್ಲಿ ಹೊಸ ಕಾರಿನ ಹಿಂದಿನ ಗಾಜಿಗೆ 'ರನ್ನಿಂಗ್ ಇನ್, ದಯವಿಟ್ಟು ಮುಂದೆ ಹೋಗಿ' ಎಂಬ ಚೀಟಿ ಅಂಟಿರುತ್ತಿತ್ತು. ಮೊದಲ 500 ಮೈಲಿ ಗಂಟೆಗೆ 30 ಮೈಲಿ ಮೀರಬಾರದು ಎಂಬ ಬಗೆಯ ನಿಯಮ. ಕಾರಿನ ಒಡೆಯನೇ ಕಾರ್ಖಾನೆಯ ಕೊನೆಯ ಕಾರ್ಮಿಕ. ಸಂಬಳ ಮಾತ್ರ ಇಲ್ಲ.

ಆಟದ ಎಂಜಿನ್ನಿನಲ್ಲಿ ಈ ವರ್ಗಾವಣೆ ಇನ್ನೂ ನಿಚ್ಚಳ. ಅಮೆರಿಕದ ಫಿಲಡೆಲ್ಫಿಯಾದ ಬಿಲ್ ಬ್ರೌನ್ ಎಂಬ ಹುಡುಗ 1930ರ ದಶಕದ ಆರಂಭದಲ್ಲಿ 10 ಸಿಸಿಯ ಪುಟ್ಟ ಪೆಟ್ರೋಲ್ ಎಂಜಿನ್ ಮಾಡಿದ. ಸ್ನೇಹಿತ ಮ್ಯಾಕ್ಸ್‌ವೆಲ್ ಬ್ಯಾಸೆಟ್ ಅದನ್ನು ಮಾದರಿ ವಿಮಾನಕ್ಕೆ ಕಟ್ಟಿ 1933ರ ರಾಷ್ಟ್ರೀಯ ಸ್ಪರ್ಧೆಯಲ್ಲಿ ರಬ್ಬರ್ ಸುರುಳಿಯ ವಿಮಾನಗಳನ್ನೆಲ್ಲ ಹಿಂದೆ ಹಾಕಿದ. ಎಂಜಿನ್ ವಿಮಾನಗಳಿಗೆ ಬೇರೆ ವರ್ಗವನ್ನೇ ಮಾಡಬೇಕಾಯಿತು. 1934ರಿಂದ 'ಬ್ರೌನ್ ಜೂನಿಯರ್' ಮಾರಾಟಕ್ಕೆ ಬಂತು. ಜಪಾನಿನ ಒಸಾಕಾದಲ್ಲಿ ಒಗಾವಾ ಶಿಗೆಯೊ ಅವರ ಓಎಸ್ ಕಂಪನಿ 1936ರಲ್ಲಿ ಮೊದಲ ಎಂಜಿನ್ ತಂದಿತು. ಇಂದಿಗೂ ಆಟದ ಎಂಜಿನ್ ಲೋಕದಲ್ಲಿ ಅದು ದೊಡ್ಡ ಹೆಸರು.

ಈ ಎಂಜಿನ್ನುಗಳ ಸಿಲಿಂಡರು ಉಕ್ಕಿನದು, ಪಿಸ್ಟನ್ ಬೀಡುಕಬ್ಬಿಣದ್ದು. ರಿಂಗ್ ಕೂಡ ಇಲ್ಲದ, ತಿಕ್ಕಿ ತಿಕ್ಕಿ ಕೂರಿಸಿದ ಪಿಸ್ಟನ್ನುಗಳೇ ಹೆಚ್ಚು. ಹೊಸದರಲ್ಲಿ ಬಿಗಿ. ಮನೆಯ ಹಿತ್ತಲಲ್ಲಿ ಸ್ಟ್ಯಾಂಡ್ ಹುಟ್ಟಿಕೊಂಡಿದ್ದು ಹೀಗೆ. ಮೊದಲ ಸ್ಟ್ಯಾಂಡುಗಳಲ್ಲಿ ಏನೂ ವಿಶೇಷವಿಲ್ಲ. ಗಟ್ಟಿ ಮರದ ಎರಡು ತೊಲೆ, ನಡುವೆ ಎಂಜಿನ್ ಕೂರುವಷ್ಟು ಸಂದು, ನಾಲ್ಕು ಬೋಲ್ಟು, ಹಿಂದೆ ಟ್ಯಾಂಕು. ಟ್ಯಾಂಕಿನ ಎತ್ತರ ಕಾರ್ಬ್ಯುರೇಟರಿನ ಸಮಕ್ಕೆ ಇರಬೇಕು. ಮೇಲಿದ್ದರೆ ಎಂಜಿನ್ ಇಂಧನ ಕುಡಿದು ಕಟ್ಟಿಕೊಳ್ಳುತ್ತದೆ, ಕೆಳಗಿದ್ದರೆ ಬಾಯಾರುತ್ತದೆ. ಮುಂದೆ ಹಿಡಿತವನ್ನು ಹಿಗ್ಗಿಸಿ ಕುಗ್ಗಿಸಬಹುದಾದ ಅಲ್ಯೂಮಿನಿಯಂ ಸ್ಟ್ಯಾಂಡುಗಳು ಅಂಗಡಿಗೆ ಬಂದವು. ಬೆಂಚ್ ವೈಸಿನಲ್ಲೇ ಎಂಜಿನ್ನಿನ ಮೈ ಹಿಡಿದು ಬಿಗಿದ ಅವಸರದವರು ಕ್ರ್ಯಾಂಕ್‌ಕೇಸನ್ನು ಸೊಟ್ಟ ಮಾಡಿಕೊಂಡರು.

ಮುಂದಕ್ಕೆ ಪಂಕ. ಅದು ಎರಡು ಕೆಲಸ ಮಾಡುತ್ತದೆ, ಎಂಜಿನ್ನಿಗೆ ಗಾಳಿ ಬೀಸುತ್ತದೆ, ಜೊತೆಗೆ ಭಾರವಾಗಿ ನಿಲ್ಲುತ್ತದೆ. ಭಾರವಿಲ್ಲದ ಎಂಜಿನ್ ಹಗ್ಗ ಬಿಚ್ಚಿದ ಹೋರಿ. ವೇಗ ಮಿತಿ ಮೀರಿ ಕನೆಕ್ಟಿಂಗ್ ರಾಡ್ ಮುರಿಯುವ ತನಕ ನಿಲ್ಲುವುದಿಲ್ಲ. ತಿರುಗುವ ಪಂಕದ ಪಕ್ಕದಲ್ಲಿ ನಿಲ್ಲಬಾರದು, ಅದರ ಹಿಂದೆ ನಿಂತೇ ಸೂಜಿ ತಿರುಗಿಸಬೇಕು ಅನ್ನುವ ನಿಯಮವನ್ನು ಹಲವರ ಬೆರಳುಗಳು ರಕ್ತ ಕೊಟ್ಟು ಬರೆಸಿವೆ.

ಸೂಜಿ ಅಂದೆವಲ್ಲ, ಇಡೀ ವಿದ್ಯೆ ಇರುವುದು ಅಲ್ಲಿ. ಈ ಎಂಜಿನ್ನುಗಳಿಗೆ ಬೇರೆ ಆಯಿಲ್ ತೊಟ್ಟಿ ಇಲ್ಲ. ಹಳೆಯ ಟೂ ಸ್ಟ್ರೋಕ್ ಬೈಕಿನಂತೆ ಇಂಧನದಲ್ಲೇ ಎಣ್ಣೆ ಬೆರೆತಿರುತ್ತದೆ. ಸೂಜಿ ಸಡಿಲಿಸಿದರೆ ಇಂಧನ ಹೆಚ್ಚು, ಅಂದರೆ ಎಣ್ಣೆಯೂ ಹೆಚ್ಚು, ತಂಪೂ ಹೆಚ್ಚು. ಎಂಜಿನ್ ಒಂದು ಸುತ್ತು ಬಿಟ್ಟು ಒಂದು ಸುತ್ತಿಗೆ ಸಿಡಿಯುತ್ತ 'ಗೊಳ ಗೊಳ' ಅನ್ನುತ್ತದೆ. ಬಿಗಿಸಿದರೆ ಸದ್ದು ತೆಳುವಾಗಿ ಏರುತ್ತದೆ. ಪಳಗಿಸುವುದು ಅಂದರೆ ಗೊಳಗೊಳದಲ್ಲಿ ಎರಡು ನಿಮಿಷ, ಆರಲು ಬಿಡುವುದು, ಮತ್ತೆ ಎರಡು ನಿಮಿಷ, ಸೂಜಿಯನ್ನು ಕೂದಲೆಳೆಯಷ್ಟು ಬಿಗಿಸುವುದು. ಕಬ್ಬಿಣದ ಪಿಸ್ಟನ್ನಿಗೆ ಒಂದೆರಡು ಗಂಟೆಯ ಓಟ ಸಾಮಾನ್ಯ. ತಲೆ ಎಷ್ಟು ಕಾದಿದೆ ಎಂದು ನೋಡಲು ಒಂದು ಹನಿ ನೀರು ಬಿಡುತ್ತಿದ್ದರು. ಚುರ್ ಎಂದು ಹಾರಿದರೆ ಬಿಸಿ ಜಾಸ್ತಿ, ಮೆಲ್ಲಗೆ ಕುದಿದು ಆರಿದರೆ ಸರಿ. ದೋಸೆ ಹೆಂಚಿಗೆ ನಮ್ಮ ಅಮ್ಮಂದಿರು ಮಾಡುವ ಪರೀಕ್ಷೆಯೇ ಇದು.

ವಿಮಾನದ ಎಂಜಿನ್ ಕಾರಿಗೆ ಇಳಿದದ್ದು 1930ರ ದಶಕದ ಕೊನೆಯಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಆಗ ರೇಡಿಯೊ ನಿಯಂತ್ರಣ ಇಲ್ಲ. ನಡುವೆ ಗೂಟ, ಗೂಟಕ್ಕೆ ತಂತಿ, ತಂತಿಯ ತುದಿಯಲ್ಲಿ ಕಾರು. ಒಕ್ಕಣೆಯ ಕಣದಲ್ಲಿ ಮೇಟಿಯ ಸುತ್ತ ಎತ್ತು ಸುತ್ತಿದ ಹಾಗೆ ಸುತ್ತುತ್ತದೆ. ವೇಗ ಮಾತ್ರ ಬೇರೆ. ಯುದ್ಧದ ನಂತರದ ವರ್ಷಗಳಲ್ಲಿ 10 ಸಿಸಿಯ ಕಾರುಗಳು ಗಂಟೆಗೆ 160 ಕಿ.ಮೀ. ದಾಟಿದವು. ಡೂಲಿಂಗ್ ಸಹೋದರರ ಕಾರು ಮತ್ತು ಎಂಜಿನ್, ಡಿಕ್ ಮೆಕಾಯ್ ಅವರ ಎಂಜಿನ್, ರೇ ಸ್ನೋ ಅವರ ಹಾರ್ನೆಟ್, ಇವು ಆ ಕಾಲದ ಕುಲದೈವಗಳು. ಯುರೋಪಿನಲ್ಲಿ ಈ ಆಟ ಇನ್ನೂ ಜೀವಂತವಾಗಿದೆ, ಅಲ್ಲಿ 10 ಸಿಸಿಯ ಕಾರುಗಳು ಈಗ 300 ಕಿ.ಮೀ. ಮೀರಿ ಓಡುತ್ತವೆ.

1947ರಲ್ಲಿ ಅಮೆರಿಕದ ರೇ ಆರ್ಡನ್ ಗ್ಲೋ ಪ್ಲಗ್ ಮಾರುಕಟ್ಟೆಗೆ ತಂದರು. ಅದರ ಹಿಂದಿನ ವಿಜ್ಞಾನ ಹಳೆಯದು. ಪ್ಲಾಟಿನಂ ತಂತಿ ಉರಿಯುವ ಅನಿಲದ ನಡುವೆ ಜ್ವಾಲೆಯಿಲ್ಲದೆ ಕೆಂಪಗೆ ಕಾದು ನಿಲ್ಲುತ್ತದೆ ಎಂದು ಹಂಫ್ರಿ ಡೇವಿ 1817ರಲ್ಲೇ ತೋರಿಸಿದ್ದರು. ಆರ್ಡನ್ನರ ಪ್ಲಗ್ಗಿನಲ್ಲಿ ಅಂಥದೇ ಒಂದು ಸುರುಳಿ. ಚಾಲೂ ಮಾಡುವಾಗ ಒಂದೂವರೆ ವೋಲ್ಟಿನ ಸೆಲ್ಲು ತಾಗಿಸಿದರೆ ಸಾಕು. ಆಮೇಲೆ ಮೆಥನಾಲ್ ಆವಿ ಮತ್ತು ಪ್ಲಾಟಿನಂ ತಾವೇ ಕಾವು ಕಾಯ್ದುಕೊಳ್ಳುತ್ತವೆ. ಕಾಯಿಲ್, ಕಂಡೆನ್ಸರ್, ಬ್ಯಾಟರಿಯ ಭಾರ ಎಲ್ಲ ಹೋಯಿತು. ಪೆಟ್ರೋಲ್ ಹೋಗಿ ಮೆಥನಾಲ್ ಬಂತು. ಮೆಥನಾಲಿನ ಜೊತೆ ಹರಳೆಣ್ಣೆಯೂ ಬಂತು.

ಹರಳೆಣ್ಣೆಯ ಹತ್ತಿರ ಸ್ವಲ್ಪ ನಿಲ್ಲಬೇಕು. ಬದುವಿನ ಮೇಲೆ ತಾನೇ ಬೆಳೆಯುವ ಹರಳಿನ ಗಿಡ, ತಲೆಗೆ, ಹೊಟ್ಟೆಗೆ, ಹಿಂದೆ ದೀಪಕ್ಕೂ ಆಗುತ್ತಿದ್ದ ಎಣ್ಣೆ ಎಂದಷ್ಟೇ ನಾವು ಅದನ್ನು ಬಲ್ಲೆವು. ಮೊದಲ ಮಹಾಯುದ್ಧದ ರೋಟರಿ ವಿಮಾನ ಎಂಜಿನ್ನುಗಳು ಹರಳೆಣ್ಣೆಯಿಲ್ಲದೆ ಹಾರುತ್ತಿರಲಿಲ್ಲ. ಅವುಗಳಲ್ಲಿ ಇಂಧನ ಕ್ರ್ಯಾಂಕ್‌ಕೇಸ್ ಮೂಲಕವೇ ಹೋಗುತ್ತದೆ. ಖನಿಜ ತೈಲವಾದರೆ ಪೆಟ್ರೋಲ್ ತೊಳೆದುಬಿಡುತ್ತದೆ. ಹರಳೆಣ್ಣೆ ಪೆಟ್ರೋಲಿನಲ್ಲಿ ಸುಲಭಕ್ಕೆ ಕರಗುವುದಿಲ್ಲ. ಬಿಸಿಗೂ ಬೇಗ ಸೋಲುವುದಿಲ್ಲ, ಕಾದಷ್ಟೂ ಅಂಟಾಗಿ ಲೋಹವನ್ನು ಕಚ್ಚಿಕೊಳ್ಳುತ್ತದೆ. 1909ರಲ್ಲಿ ವೇಕ್‌ಫೀಲ್ಡ್ ಕಂಪನಿ ತನ್ನ ಹೊಸ ಎಣ್ಣೆಗೆ ಕ್ಯಾಸ್ಟ್ರಾಲ್ ಎಂದು ಹೆಸರಿಟ್ಟಿದ್ದು ಹರಳಿನ ಇಂಗ್ಲಿಷ್ ಹೆಸರಿನಿಂದಲೇ. ಪೆಟ್ರೋಲ್ ಬಂಕಿನ ಬೋರ್ಡಿನ ಮೇಲೆ ಆ ಪದ ಓದುವಾಗ ನಮ್ಮಲ್ಲಿ ಎಷ್ಟು ಜನಕ್ಕೆ ಹರಳುಗಿಡ ನೆನಪಾಗುತ್ತದೆ! ಅಮೆರಿಕ ಆ ಯುದ್ಧಕ್ಕೆ ಇಳಿದಾಗ ಫ್ಲಾರಿಡಾ ಮುಂತಾದ ಕಡೆ ಹರಳು ಬಿತ್ತಿಸಿತು, ಬಿತ್ತನೆ ಬೀಜವನ್ನು ಭಾರತದಿಂದ ತರಿಸಿಕೊಂಡಿತು. ಈಗಲೂ ಜಗತ್ತಿನಲ್ಲಿ ಅತಿ ಹೆಚ್ಚು ಹರಳು ಬೆಳೆಯುವ ದೇಶ ನಮ್ಮದು, ಅದರಲ್ಲೂ ಗುಜರಾತ್.

ಮೆಥನಾಲಿನಲ್ಲಿ ಹರಳೆಣ್ಣೆ ಚೆನ್ನಾಗಿ ಕರಗುತ್ತದೆ. ಹಾಗಾಗಿ ದೊಡ್ಡ ವಿಮಾನಗಳಿಂದ ನಿವೃತ್ತಿಯಾದ ಎಣ್ಣೆಗೆ ಆಟದ ಎಂಜಿನ್ನುಗಳು ಮರುಜನ್ಮ ಕೊಟ್ಟವು. ಅಂತರರಾಷ್ಟ್ರೀಯ ವೇಗ ಸ್ಪರ್ಧೆಗಳು ನಿಗದಿ ಮಾಡಿದ ಇಂಧನ 80 ಪಾಲು ಮೆಥನಾಲ್, 20 ಪಾಲು ಹರಳೆಣ್ಣೆ. ಕಾರಿನವರು ಶಕ್ತಿಗಾಗಿ ನೈಟ್ರೋಮೀಥೇನ್ ಬೆರೆಸುತ್ತಾರೆ, ಎಣ್ಣೆಯ ಪಾಲು ಇಳಿಸುತ್ತಾರೆ. ಪಳಗಿಸುವ ದಿನ ಮಾತ್ರ ಎಣ್ಣೆ ಹೆಚ್ಚಿಸುವುದು ಹಳೆಯ ರೂಢಿ. ಈಗ ಕೃತಕ ಎಣ್ಣೆಗಳು ಬಂದರೂ ಒಂದಷ್ಟು ಪಾಲು ಹರಳೆಣ್ಣೆ ಇರಲಿ ಅನ್ನುವವರು ಇನ್ನೂ ಇದ್ದಾರೆ.

ಮೆಥನಾಲಿನ ಹೆಸರು ಬಂದ ಮೇಲೆ ನಮ್ಮ ಜಿಲ್ಲೆಗಳಲ್ಲಿ ಸುದ್ದಿ ಬರೆಯುವವರಿಗೆ ಸುಮ್ಮನೆ ದಾಟಿ ಹೋಗಲಾಗದು. 1981ರಲ್ಲಿ ಬೆಂಗಳೂರಿನಲ್ಲಿ ಇದೇ ಮೀಥೈಲ್ ಆಲ್ಕೋಹಾಲ್ ಬೆರೆತ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಬಡವರು ಸತ್ತರು. 2008ರಲ್ಲಿ ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿಯಲ್ಲಿ ಮತ್ತೆ ನೂರಕ್ಕೂ ಹೆಚ್ಚು. ಬದುಕಿದವರಲ್ಲಿ ಕಣ್ಣು ಕಳೆದುಕೊಂಡವರಿದ್ದರು. ಮೆಥನಾಲ್ ದೇಹದೊಳಗೆ ಫಾರ್ಮಿಕ್ ಆಮ್ಲವಾಗುತ್ತದೆ, ಅದು ಮೊದಲು ಕಣ್ಣಿನ ನರವನ್ನು ಹಿಡಿಯುತ್ತದೆ. ಚರ್ಮದಿಂದಲೂ ಉಸಿರಿನಿಂದಲೂ ಒಳಸೇರುತ್ತದೆ. ಹಗಲಿನಲ್ಲಿ ಅದರ ಉರಿ ಕಣ್ಣಿಗೆ ಕಾಣುವುದೇ ಇಲ್ಲ. ಸ್ಟ್ಯಾಂಡನ್ನು ಬಯಲಿನಲ್ಲಿ ಇಡಬೇಕು, ಬಾಗಿಲು ಹಾಕಿದ ಶೆಡ್ಡಿನಲ್ಲಲ್ಲ ಎಂದು ಬಲ್ಲವರು ಪದೇ ಪದೇ ಹೇಳುವುದು ಬರಿಯ ಹೊಗೆಯ ಕಿರಿಕಿರಿಗಲ್ಲ. ಇಂಧನದ ಕ್ಯಾನಿನಿಂದ ನೀರಿನ ಬಾಟಲಿಗೆ ಸುರಿದಿಡುವ ಅಭ್ಯಾಸವನ್ನಂತೂ ಯಾರೂ ಮಾಡಬಾರದು.

ನಮ್ಮ ದೇಶದಲ್ಲಿ ಈ ಹವ್ಯಾಸ ಹಿಡಿದ ದಾರಿ ಬೇರೆ. 1950ರ ದಶಕದ ಕೊನೆಯಲ್ಲಿ ವಿದೇಶಿ ವಿನಿಮಯದ ಬಿಕ್ಕಟ್ಟು ಬಂದು ಆಮದಿಗೆ ಕಡಿವಾಣ ಬಿತ್ತು. ಆಟದ ಎಂಜಿನ್ನಿಗೆ ಲೈಸೆನ್ಸ್ ಕೊಡುವವರು ಯಾರು? ಗ್ಲೋ ಪ್ಲಗ್ ಸುಟ್ಟರೆ ಇನ್ನೊಂದು ಸಿಗುತ್ತಿರಲಿಲ್ಲ. ಹಾಗಾಗಿ ಇಲ್ಲಿ ನೆಲೆ ಕಂಡಿದ್ದು ಪ್ಲಗ್ಗೇ ಬೇಡದ ಪುಟ್ಟ ಡೀಸೆಲ್ಲುಗಳು. 1946ರಲ್ಲಿ ಬ್ರಿಟನ್ನಿನಲ್ಲಿ ಬಂದ ಮಿಲ್ಸ್ ಎಂಜಿನ್ನಿನ ಮಾದರಿಯಲ್ಲೇ ಕಲ್ಕತ್ತೆಯಲ್ಲಿ 'ಅರೋರಾ' ಎಂಜಿನ್ನುಗಳು ತಯಾರಾದವು. ಅದರ ಇಂಧನ ಕೇಳಿದರೆ ಹಳ್ಳಿಯವರಿಗೆ ನಗು ಬರಬೇಕು. ಸೀಮೆಎಣ್ಣೆ ಒಂದು ಪಾಲು, ಈಥರ್ ಒಂದು ಪಾಲು, ಹರಳೆಣ್ಣೆ ಒಂದು ಪಾಲು. ಒಂದು ನ್ಯಾಯಬೆಲೆ ಅಂಗಡಿಯದು, ಒಂದು ಔಷಧದ ಅಂಗಡಿಯದು, ಒಂದು ಗಾಣದ್ದು. ಸಿಲಿಂಡರಿನ ತಲೆಯ ಮೇಲೆ ಒಂದು ಅಡ್ಡಕಡ್ಡಿ ಇರುತ್ತದೆ. ಅದನ್ನು ತಿರುಗಿಸಿ ಒತ್ತಡ ಏರಿಸಿದರೆ ಈಥರ್ ತಾನೇ ಹೊತ್ತಿಕೊಳ್ಳುತ್ತದೆ. ಹೊಸ ಡೀಸೆಲ್ಲಿಗೆ ಒತ್ತಡ ಕಡಿಮೆ ಇಟ್ಟು, ದೊಡ್ಡ ಪಂಕ ಹಾಕಿ, ಸ್ಟ್ಯಾಂಡಿನ ಮೇಲೆ ತಾಳ್ಮೆಯಿಂದ ಓಡಿಸಬೇಕು. ಒತ್ತಡ ಹೆಚ್ಚಿಸಿ ಬೆರಳಿನಿಂದ ಪಂಕ ಹೊಡೆದರೆ ಎಂಜಿನ್ ತಿರುಗಿ ಹೊಡೆಯುತ್ತದೆ. ಎನ್‌ಸಿಸಿ ವಾಯುದಳದ ಕೆಡೆಟ್‌ಗಳಿಗೆ ಏರೋಮಾಡೆಲಿಂಗ್ ತರಬೇತಿಯ ಭಾಗ. ಬೆಂಗಳೂರಿನ ಜಕ್ಕೂರು ವಾಯುನೆಲೆಯಲ್ಲಿ ನಡೆದ ವಾಯು ಸೈನಿಕ ಶಿಬಿರಗಳಲ್ಲಿ ತಂತಿ ಹಿಡಿದು ಹಾರಿಸುವ ವಿಮಾನಗಳ ಸ್ಪರ್ಧೆಯೂ ಇರುತ್ತದೆ. ಸರ್ಕಾರಿ ಕಾಲೇಜಿನ ಹುಡುಗ ಹುಡುಗಿಯರಿಗೆ ಇಂಥ ಎಂಜಿನ್ನನ್ನು ಕೈಯಲ್ಲಿ ಹಿಡಿಯುವ ಅವಕಾಶ ಸಿಕ್ಕಿದ್ದು ಬಹುಪಾಲು ಈ ಬಾಗಿಲಿನಿಂದ.

ಇನ್ನು ರೇಡಿಯೊ ಕಾರು. 1966ರಲ್ಲಿ ಇಟಲಿಯ ಎಲ್ಜಿ ಕಂಪನಿ ತಂದ ಫೆರಾರಿ ಮಾದರಿ ಮೊದಮೊದಲ ಮಾರಾಟದ ರೇಡಿಯೊ ಕಾರುಗಳಲ್ಲಿ ಒಂದು, ಅದು ಬ್ಯಾಟರಿಯದು. ಅದೇ ದಶಕದ ಕೊನೆಯಲ್ಲಿ ಅಮೆರಿಕ, ಬ್ರಿಟನ್ನುಗಳಲ್ಲಿ 1/8 ಪ್ರಮಾಣದ ಎಂಜಿನ್ ಕಾರುಗಳು ಓಡಲಾರಂಭಿಸಿದವು. 1967ರಲ್ಲಿ ಅಮೆರಿಕದ ರೋರ್ ಸಂಘ ಹುಟ್ಟಿತು. 1970ರಲ್ಲಿ ಜಪಾನಿನ ಕ್ಯೋಶೋ ತನ್ನ ಡ್ಯಾಶ್ ಕಾರನ್ನು ತಂದಿತು. 1977ರಲ್ಲಿ ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ ಮೊದಲ ವಿಶ್ವ ಸ್ಪರ್ಧೆ ನಡೆಯಿತು.

ಮೊದಲ ಕಾರುಗಳಿಗೆ ಹಾಕಿದ್ದು ವಿಮಾನದ ಎಂಜಿನ್ನುಗಳನ್ನೇ. ಪಂಕ ತೆಗೆದು ಗಾಲಿಚಕ್ರ ಹಾಕಿದರು, ಗಾಳಿ ಇಲ್ಲದ್ದರಿಂದ ತಲೆಗೆ ದೊಡ್ಡ ರೆಕ್ಕೆಗಳ ಅಲ್ಯೂಮಿನಿಯಂ ಟೋಪಿ ಇಟ್ಟರು. ಪಳಗಿಸುವಾಗ ಮಾತ್ರ ಮತ್ತೆ ಪಂಕ ಹಾಕಿ ಸ್ಟ್ಯಾಂಡಿಗೆ ಕಟ್ಟಬಹುದಿತ್ತು. ಕಾರಿಗೆಂದೇ ಎಂಜಿನ್ ಹುಟ್ಟಿದ ಮೇಲೆ ಕ್ರ್ಯಾಂಕಿನ ಮೂತಿ ಬದಲಾಯಿತು, ಪಂಕಕ್ಕೆ ಜಾಗವಿಲ್ಲ. ಗಾಲಿಚಕ್ರ ತೂಕ ಕೊಡುತ್ತದೆ, ಭಾರ ಕೊಡುವುದಿಲ್ಲ, ಗಾಳಿಯನ್ನಂತೂ ಕೊಡುವುದೇ ಇಲ್ಲ. ಹಾಗಾಗಿ ಸ್ಟ್ಯಾಂಡಿನ ಎದುರು ಟೇಬಲ್ ಫ್ಯಾನ್ ಬಂತು. ಕೆಲವರು ಕಾರನ್ನೇ ಇಟ್ಟಿಗೆಯ ಮೇಲೆ ಏರಿಸಿ, ಚಕ್ರ ಗಾಳಿಯಲ್ಲಿ ಬಿಟ್ಟು, ಐದಾರು ಟ್ಯಾಂಕ್ ಐಡಲಿನಲ್ಲೇ ಸುಟ್ಟರು.

ಜಗಳ ಶುರುವಾದದ್ದು ಇಲ್ಲಿ. 1960ರ ದಶಕದ ಮಧ್ಯದಲ್ಲಿ ಅಮೆರಿಕದ ವೇಗ ಸ್ಪರ್ಧಿ ಬಿಲ್ ವಿಸ್ನೀವ್ಸ್ಕಿ ಸಿಲಿಂಡರ್ ಮತ್ತು ಪಿಸ್ಟನ್ನಿನ ಹೊಸ ಜೋಡಿಯೊಂದನ್ನು ಗೆಲ್ಲಿಸಿ ತೋರಿಸಿದ್ದರು. ಹೆಸರು ಎಬಿಸಿ. ಅಲ್ಯೂಮಿನಿಯಂ ಪಿಸ್ಟನ್, ಹಿತ್ತಾಳೆಯ ಸಿಲಿಂಡರ್, ಒಳಗೆ ಕ್ರೋಮ್ ಲೇಪ. ಹಿತ್ತಾಳೆ ಬಿಸಿಗೆ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ. ಅದಕ್ಕೇ ಸಿಲಿಂಡರನ್ನು ಮೇಲ್ತುದಿಯಲ್ಲಿ ಕೂದಲೆಳೆಗಿಂತಲೂ ಕಡಿಮೆ ಪ್ರಮಾಣದಲ್ಲಿ ಕಿರಿದು ಮಾಡಿರುತ್ತಾರೆ. ತಣ್ಣಗಿರುವಾಗ ಪಿಸ್ಟನ್ ಮೇಲೆ ಹೋಗಿ ಕಚ್ಚಿಕೊಳ್ಳುತ್ತದೆ, ಕೈಯಲ್ಲಿ ತಿರುಗಿಸಲೂ ಆಗುವುದಿಲ್ಲ. ಕಾದ ಮೇಲೆ ತುದಿ ಹಿಗ್ಗಿ ಅಳತೆ ಸರಿಹೋಗುತ್ತದೆ. ಕಾರಿನ ಎಂಜಿನ್ನುಗಳೆಲ್ಲ ಬರಬರುತ್ತ ಈ ಜಾತಿಗೆ ಸೇರಿದವು.

ಕಬ್ಬಿಣದ ಕಾಲದ ಹಿರಿಯರು ಹೇಳಿಕೊಟ್ಟಿದ್ದು ಹೊಸ ಎಂಜಿನ್ನನ್ನು ತಂಪಾಗಿ ಇಟ್ಟು ಪಳಗಿಸಿ ಎಂದು. ಎಬಿಸಿಗೆ ಅದೇ ವಿಷ. ತಣ್ಣಗೆ ಓಡಿಸಿದರೆ ಸಿಲಿಂಡರಿನ ತುದಿ ಹಿಗ್ಗುವುದೇ ಇಲ್ಲ. ಪ್ರತಿ ಸುತ್ತಿನಲ್ಲೂ ಪಿಸ್ಟನ್ ಆ ಬಿಗಿಯಲ್ಲಿ ತಿಕ್ಕಿ ತನ್ನ ಅಂಚನ್ನೇ ಸವೆಸಿಕೊಳ್ಳುತ್ತದೆ, ಅದನ್ನು ಎಳೆದು ಎಳೆದು ಕನೆಕ್ಟಿಂಗ್ ರಾಡ್ ದಣಿಯುತ್ತದೆ. ಮುದ್ದು ಮಾಡಿ ಕೂರಿಸಿದ ಎಂಜಿನ್ ಮೊದಲ ರೇಸಿಗೆ ಬರುವಷ್ಟರಲ್ಲಿ ಮುದುಕನಾಗಿರುತ್ತದೆ. ಹೊಸ ಪಾಠ ಹೀಗಿದೆ: ಚಾಲೂ ಮಾಡುವ ಮೊದಲೇ ಹೇರ್ ಡ್ರೈಯರಿನಿಂದ ತಲೆಯನ್ನು ಕಾಯಿಸಿ. ಇಂಧನ ಸ್ವಲ್ಪ ಹೆಚ್ಚಿರಲಿ, ಆದರೆ ತಲೆಯ ಉಷ್ಣತೆ 90 ಡಿಗ್ರಿಯ ಆಸುಪಾಸಿಗೆ ಬರಲಿ. ಕೆಲವು ನಿಮಿಷ ಓಡಿಸಿ, ನಿಲ್ಲಿಸಿ, ಪೂರ್ತಿ ಆರಲು ಬಿಡಿ. ನಿಲ್ಲಿಸಿದೊಡನೆ ಚಕ್ರ ತಿರುಗಿಸಿ ಪಿಸ್ಟನ್ನನ್ನು ಕೆಳತುದಿಗೆ ತನ್ನಿ, ಇಲ್ಲದಿದ್ದರೆ ಆರುವ ಸಿಲಿಂಡರ್ ಅದನ್ನು ಹಿಡಿದುಕೊಳ್ಳುತ್ತದೆ. ಕೆಳತುದಿ ಗೊತ್ತಾಗಲಿ ಎಂದು ಗಾಲಿಚಕ್ರದ ಮೇಲೆ ಪೆನ್ನಿನಿಂದ ಗೆರೆ ಹಾಕಿರುತ್ತಾರೆ. ನೀರಿನ ಹನಿಯ ಜಾಗಕ್ಕೆ ಗುರಿಯಿಟ್ಟು ನೋಡುವ ಇನ್‌ಫ್ರಾರೆಡ್ ಥರ್ಮಾಮೀಟರ್ ಬಂದಿದೆ. ಕೊರೊನಾ ಕಾಲದಲ್ಲಿ ಎಲ್ಲರ ಹಣೆಗೂ ಹಿಡಿದರಲ್ಲ, ಆ ಬಗೆಯದೇ.

ಸ್ಟ್ಯಾಂಡಿನ ಮೇಲೆ ಈ ಬಿಸಿ ತರುವುದು ಕಷ್ಟ. ಐಡಲಿನಲ್ಲಿ ಎಂಜಿನ್ ಕಾಯುವುದಿಲ್ಲ, ವೇಗ ಏರಿಸಿದರೆ ಭಾರವಿಲ್ಲ. ಹಾಗಾಗಿ ಕಾರಿಗೆ ಕೂರಿಸಿ ಮೈದಾನದಲ್ಲಿ ಎಂಟರ ಆಕಾರದಲ್ಲಿ ಸುತ್ತಿಸಿಯೇ ಪಳಗಿಸಿ ಅನ್ನುವ ಪಂಗಡ ಬೆಳೆಯಿತು. ಸ್ಟ್ಯಾಂಡಿನ ಪಂಗಡದವರು ಕಾರಿನ ತಲೆಗೆ ಅಲ್ಯೂಮಿನಿಯಂ ಹಾಳೆ, ಬಟ್ಟೆ ಸುತ್ತಿ ಬಿಸಿ ಹಿಡಿದಿಟ್ಟರು. ನಮ್ಮ ತೀರ್ಪು ಕೇಳಿದರೆ, ಕಬ್ಬಿಣದ ಎಂಜಿನ್ನಿಗೆ ಸ್ಟ್ಯಾಂಡು, ಎಬಿಸಿ ಕಾರಿನ ಎಂಜಿನ್ನಿಗೆ ನೆಲ. ಆದರೆ ಧೂಳಿನ ಮೈದಾನದಲ್ಲಿ ಹೊಸ ಎಂಜಿನ್ ಒಂದು ಗುಟುಕು ಮಣ್ಣು ಕುಡಿದರೆ ಎಲ್ಲ ವಿದ್ಯೆಯೂ ನೀರುಪಾಲು. ಬಯಲುಸೀಮೆಯ ಮೈದಾನ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಂಪನಿಗಳ ಮಾತಿಗೆ ಮತ್ತೆ ಬರೋಣ. ದೊಡ್ಡ ಕಾರಿನ ಕಾರ್ಖಾನೆಗಳು ಸಿಲಿಂಡರಿನ ಏರುಗಳ ತುದಿಯನ್ನು ಮೊದಲೇ ಉಜ್ಜಿ ತೆಗೆಯುವ ಹೋನಿಂಗ್ ಕಲಿತವು. ಎಂಜಿನ್ನನ್ನು ಇಂಧನವಿಲ್ಲದೆ ವಿದ್ಯುತ್ ಮೋಟರಿನಿಂದಲೇ ತಿರುಗಿಸಿ ಪರೀಕ್ಷಿಸುವ ವಿಧಾನವೂ ಬಂತು. ಹಿಂದಿನ ಗಾಜಿನ ಚೀಟಿ ಮಾಯವಾಯಿತು. ಆಟದ ಎಂಜಿನ್ನಿಗೂ ಅಂಥ ಬೆಂಚು ಬಂದಿದೆ. ಗಾಲಿಚಕ್ರಕ್ಕೆ ಮೋಟರ್ ಜೋಡಿಸಿ, ಎಣ್ಣೆ ಹನಿಸುತ್ತ, ಬೆಂಕಿಯಿಲ್ಲದೆ ಗಂಟೆಗಟ್ಟಲೆ ತಿರುಗಿಸುತ್ತಾರೆ. ಯುರೋಪಿನ ಕೆಲವು ಎಂಜಿನ್ ತಯಾರಕರು ಮತ್ತು ಟ್ಯೂನರುಗಳು ಹೀಗೆ ಪಳಗಿಸಿದ ಎಂಜಿನ್ನನ್ನೇ ಹೆಚ್ಚಿನ ಬೆಲೆಗೆ ಮಾರುತ್ತಾರೆ. ಅಂದರೆ ಸಂಬಳವಿಲ್ಲದ ಆ ಕೊನೆಯ ಕೆಲಸಕ್ಕೆ ಕೊನೆಗೂ ಒಂದು ಬೆಲೆಚೀಟಿ ಅಂಟಿದೆ, ಹಣ ಹೋಗುವುದು ಮಾತ್ರ ಕೊಂಡವನ ಜೇಬಿನಿಂದಲೇ.

2000ದ ದಶಕದಲ್ಲಿ ಲಿಥಿಯಂ ಪಾಲಿಮರ್ ಬ್ಯಾಟರಿ ಮತ್ತು ಬ್ರಷ್ ಇಲ್ಲದ ಮೋಟರ್ ಜೊತೆಯಾಗಿ ಬಂದವು. ಡಬ್ಬಿ ಬಿಚ್ಚಿ ಓಡಿಸುವುದೇ. 1/8 ಪ್ರಮಾಣದ ವಿಶ್ವ ಸ್ಪರ್ಧೆಗಳಲ್ಲಿ ಎಂಜಿನ್ ಇನ್ನೂ ಕೂಗುತ್ತಿದೆ, ಒಂದು ಗಂಟೆಯ ಫೈನಲ್‌ನಲ್ಲಿ ಹುಡುಗರು ಮತ್ತೆ ಮತ್ತೆ 125 ಸಿಸಿಯ ಟ್ಯಾಂಕ್ ತುಂಬಿಸಲು ಓಡುತ್ತಾರೆ. ಮನೆಯಂಗಳದ ಹವ್ಯಾಸಿ ಮಾತ್ರ ಬಹುಪಾಲು ಬ್ಯಾಟರಿಗೆ ಹೋದ. ನಡುವೆ ಬ್ರಷ್ ಇರುವ ಮೋಟರುಗಳ ಕಾಲದಲ್ಲಿ ಇನ್ನೊಂದು ಚಮತ್ಕಾರ ನಡೆಯುತ್ತಿತ್ತು. ಇಂಗಾಲದ ಬ್ರಷ್ ಕಮ್ಯುಟೇಟರಿನ ಬಾಗಿಗೆ ಕೂರಬೇಕು, ಅಂದರೆ ಅದನ್ನೂ ಪಳಗಿಸಬೇಕು. ಅದಕ್ಕೆ ಹೊಸ ಮೋಟರನ್ನು ಒಂದು ಲೋಟ ನೀರಿನಲ್ಲಿ ಮುಳುಗಿಸಿ ಕಡಿಮೆ ವೋಲ್ಟಿನಲ್ಲಿ ತಿರುಗಿಸುತ್ತಿದ್ದರು. ನೀರು ಇಂಗಾಲದ ಪುಡಿಯಿಂದ ಕಪ್ಪಾದ ಮೇಲೆ ಹೊರತೆಗೆದು, ಗಾಳಿ ಊದಿ ಒಣಗಿಸಿ, ಬೇರಿಂಗಿಗೆ ಒಂದು ಹನಿ ಎಣ್ಣೆ ಬಿಡುತ್ತಿದ್ದರು.